ಕಾಗದದ ಪಟ್ಟಿಯಲ್ಲಿ ಕಾಲು, ಅರ್ಧ, ಮುಕ್ಕಾಲು

ನಿಮ್ಮ ಮಗು ನಾಲ್ಕನೆಯದೋ ಐದನೆಯದೋ ತರಗತಿಯಲ್ಲಿದ್ದರೆ ಇಂದೇ ಒಂದು ಪ್ರಶ್ನೆ ಕೇಳಿ ನೋಡಿ. "ಒಂದು ರೊಟ್ಟಿಯ 1/6 ಪಾಲು ದೊಡ್ಡದೋ, 1/8 ಪಾಲು ದೊಡ್ಡದೋ?" ಎಷ್ಟೋ ಮಕ್ಕಳು ತಡಮಾಡದೆ 1/8 ಎಂದು ಬಿಡುತ್ತಾರೆ. ಆರಕ್ಕಿಂತ ಎಂಟು ದೊಡ್ಡದಲ್ಲವೇ? ಇದುವರೆಗೆ ಶಾಲೆಯಲ್ಲಿ ಕಲಿತದ್ದೂ ಅದೇ ತಾನೇ? ಮಗುವಿನ ಮಟ್ಟಿಗೆ ಈ ಉತ್ತರ ದಡ್ಡತನವಲ್ಲ. ಗೊತ್ತಿದ್ದ ನಿಯಮವನ್ನು ಗೊತ್ತಿಲ್ಲದ ಜಾಗದಲ್ಲಿ ಪ್ರಯೋಗಿಸಿದೆ, ಅಷ್ಟೇ.

ಆದರೆ ಈ ಸಣ್ಣ ಗೊಂದಲವನ್ನು ಹಾಗೆಯೇ ಬಿಟ್ಟರೆ ಅದು ಬೆಳೆಯುತ್ತಾ ಹೋಗುತ್ತದೆ. ದಶಮಾಂಶ, ಶೇಕಡಾ, ಅನುಪಾತ, ಬಡ್ಡಿ, ಬೀಜಗಣಿತ ಎಲ್ಲವೂ ಭಿನ್ನರಾಶಿಯ ಮೇಲೆಯೇ ನಿಂತಿವೆ. ಇಲ್ಲಿ ಎಡವಿದ ಮಗು ಎಸ್ಸೆಸ್ಸೆಲ್ಸಿ ತಲುಪುವ ಹೊತ್ತಿಗೆ "ನನಗೆ ಗಣಿತ ಆಗುವುದಿಲ್ಲ" ಎಂಬ ತೀರ್ಮಾನಕ್ಕೆ ಬಂದಿರುತ್ತದೆ. ಹುಡುಗಿಯಾದರೆ ಮನೆಯವರೂ ಆ ತೀರ್ಮಾನವನ್ನು ಸುಲಭವಾಗಿ ಒಪ್ಪಿಕೊಳ್ಳುತ್ತಾರೆ. ಇದು ನಿಜಕ್ಕೂ ದೊಡ್ಡ ನಷ್ಟ.

"ನನಗೇ ಲೆಕ್ಕ ಬರುವುದಿಲ್ಲ, ಮಕ್ಕಳಿಗೆ ಏನು ಹೇಳಿಕೊಡಲಿ?" ಎಂದು ಅನೇಕ ತಾಯಂದಿರು ಹಿಂಜರಿಯುತ್ತಾರೆ. ಸಹೋದರಿಯರೇ, ನಿಮಗೆ ಲೆಕ್ಕ ಬರುತ್ತದೆ. ಕಾಲು ಕಿಲೋ ಮೆಣಸು, ಮುಕ್ಕಾಲು ಲೀಟರ್ ಹಾಲು, ಒಂದೂವರೆ ಮೀಟರ್ ಬಟ್ಟೆ ಎಂದು ದಿನವೂ ನೀವು ಭಿನ್ನರಾಶಿಯಲ್ಲೇ ವ್ಯವಹರಿಸುತ್ತೀರಿ. ಉರ್ದು ಮಾತನಾಡುವ ಮನೆಗಳಲ್ಲಿ ಪಾವ್, ಪೌನ, ಸವಾ, ಡೇಢ್, ಢಾಯಿ ಎನ್ನುವುದೆಲ್ಲ ಭಿನ್ನರಾಶಿಯೇ. ಮನೆಯಲ್ಲಿ ಹಿರಿಯ ಅಜ್ಜಿ ಇದ್ದರೆ ಅವರನ್ನು ಕೇಳಿ. 1957ರಲ್ಲಿ ನಯಾಪೈಸೆ ಬರುವ ಮೊದಲು ರೂಪಾಯಿಗೆ 16 ಆಣೆ. ಎರಡಾಣೆ ಎಂದರೆ 1/8, ನಾಲ್ಕಾಣೆ ಎಂದರೆ ಕಾಲು, ಹನ್ನೆರಡಾಣೆ ಎಂದರೆ ಮುಕ್ಕಾಲು. ಶಾಲೆಯ ಮೆಟ್ಟಿಲು ಹತ್ತದವರೂ ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರು. ಏಕೆಂದರೆ ಅದು ಅವರ ಕೈಯಲ್ಲಿತ್ತು. ಮಕ್ಕಳಿಗೂ ಬೇಕಾದುದು ಅದೇ. ಮೊದಲು ಕೈಗೆ ಸಿಗಬೇಕು, ಆಮೇಲೆ ಪುಸ್ತಕಕ್ಕೆ ಬರಬೇಕು.

ಏಳು ಪಟ್ಟಿಗಳ ಪಾಠ

ಇದಕ್ಕೆ ಹಣ ಖರ್ಚಿಲ್ಲ. ಎ4 ಅಳತೆಯ ಒಂದು ಹಾಳೆ, ಸ್ಕೇಲು, ಕತ್ತರಿ, ಬಣ್ಣದ ಪೆನ್ಸಿಲ್‌ಗಳಿದ್ದರೆ ಸಾಕು. ಹಾಳೆಯನ್ನು 24 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಅಗಲದಲ್ಲಿ 3 ಸೆಂಟಿಮೀಟರ್‌ನ ಪಟ್ಟಿಗಳನ್ನು ಮಾಡಿ. ಹಾಳೆಯ ಅಗಲ 21 ಸೆಂಟಿಮೀಟರ್ ಆದುದರಿಂದ ಸರಿಯಾಗಿ ಏಳು ಪಟ್ಟಿಗಳು ಸಿಗುತ್ತವೆ. ಒಂದೊಂದಕ್ಕೂ ಮಗುವೇ ಬೇರೆ ಬೇರೆ ಬಣ್ಣ ಹಚ್ಚಲಿ.

ಮೊದಲ ಪಟ್ಟಿಯನ್ನು ಹಾಗೆಯೇ ಇಡಿ, ಅದು "ಒಂದು". ಎರಡನೆಯದನ್ನು ಮಧ್ಯಕ್ಕೆ ಮಡಚಿದರೆ 12 ಸೆಂಟಿಮೀಟರ್‌ನ ಎರಡು ಅರ್ಧಗಳು. ಮೂರನೆಯದರಲ್ಲಿ 8 ಸೆಂಟಿಮೀಟರ್‌ನ ಮೂರು ತುಂಡು, ನಾಲ್ಕನೆಯದರಲ್ಲಿ 6 ಸೆಂಟಿಮೀಟರ್‌ನ ನಾಲ್ಕು. ಉಳಿದ ಮೂರರಲ್ಲಿ 4 ಸೆಂಟಿಮೀಟರ್‌ನ ಆರು, 3 ಸೆಂಟಿಮೀಟರ್‌ನ ಎಂಟು, 2 ಸೆಂಟಿಮೀಟರ್‌ನ ಹನ್ನೆರಡು ತುಂಡುಗಳಾಗುತ್ತವೆ. 24ನ್ನು ಆರಿಸಿಕೊಂಡದ್ದು ಇದಕ್ಕಾಗಿಯೇ. ಈ ಎಲ್ಲ ಸಂಖ್ಯೆಗಳಿಂದಲೂ ಅದನ್ನು ಶೇಷವಿಲ್ಲದೆ ಭಾಗಿಸಬಹುದು.

ಕತ್ತರಿಸುವಾಗ ಮಗು ತಾನಾಗಿಯೇ ಒಂದು ಸಂಗತಿಯನ್ನು ಗಮನಿಸುತ್ತದೆ. ಪಾಲುಗಳು ಹೆಚ್ಚಾದಷ್ಟೂ ಒಂದೊಂದು ಪಾಲು ಚಿಕ್ಕದಾಗುತ್ತದೆ. ಈಗ 1/6ರ ತುಂಡನ್ನೂ 1/8ರ ತುಂಡನ್ನೂ ಅಕ್ಕಪಕ್ಕ ಇಡಲು ಹೇಳಿ. ನೀವು ಏನೂ ವಿವರಿಸಬೇಕಾಗಿಲ್ಲ. ಕಣ್ಣೇ ಉತ್ತರ ಹೇಳುತ್ತದೆ.

ಈಗ ಇನ್ನೊಂದು ಸಾಮಾನ್ಯ ತಪ್ಪಿಗೆ ಬರೋಣ. 1/3ಕ್ಕೆ 1/4 ಕೂಡಿಸಿ ಎಂದರೆ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ 2/7 ಎಂದು ಬರೆಯುವ ಮಕ್ಕಳಿದ್ದಾರೆ. ಗದರಿಸಬೇಡಿ. 8 ಸೆಂಟಿಮೀಟರ್‌ನ ತುಂಡಿನ ಪಕ್ಕದಲ್ಲಿ 6 ಸೆಂಟಿಮೀಟರ್‌ನ ತುಂಡನ್ನು ಇಡಿಸಿ. ಒಟ್ಟು 14. ಅದರ ಕೆಳಗೆ 1/12ರ ತುಂಡುಗಳನ್ನು ಜೋಡಿಸಿದರೆ ಸರಿಯಾಗಿ ಏಳು ಹಿಡಿಸುತ್ತವೆ. ಹಾಗಾದರೆ ಉತ್ತರ 7/12. ಇನ್ನು 2/7 ಎಷ್ಟು? 24ನ್ನು ಏಳು ಪಾಲು ಮಾಡಿ ಎರಡನ್ನು ತೆಗೆದುಕೊಂಡರೆ 7 ಸೆಂಟಿಮೀಟರ್‌ಗೂ ಕಡಿಮೆ. ಎಂಟಕ್ಕೆ ಆರು ಸೇರಿಸಿದ ಮೇಲೆ ಏಳು ಆಗುವುದುಂಟೇ? ಮಗು ನಗುತ್ತದೆ. ತನ್ನ ತಪ್ಪಿಗೆ ತಾನೇ ನಕ್ಕ ಮಗು ಅದನ್ನು ಮತ್ತೆ ಮಾಡುವುದು ಅಪರೂಪ.

"ಸಮಾನ ಛೇದಕ್ಕೆ ತನ್ನಿ" ಎಂದು ಶಾಲೆಯಲ್ಲಿ ಹೇಳುವುದರ ಅರ್ಥವೂ ಇದೇ. ಎರಡು ಬಗೆಯ ತುಂಡುಗಳನ್ನೂ ಒಂದೇ ಬಗೆಯ ಸಣ್ಣ ತುಂಡುಗಳಿಂದ ಅಳೆಯುವುದು. ಅಂಶ, ಛೇದ ಎಂಬ ಪದಗಳನ್ನು ಈ ಹಂತದಲ್ಲಿ ಹೇಳಿಕೊಡಿ, ಅದಕ್ಕಿಂತ ಮೊದಲು ಬೇಡ.

ಆಟವಾಗಿ

ಇಬ್ಬರು ಮಕ್ಕಳಿದ್ದರೆ ಇಬ್ಬರಿಗೂ ಒಂದೊಂದು ಸೆಟ್ ಮಾಡಿಸಿ. 1/2, 1/3, 1/4, 1/6, 1/12 ಎಂದು ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ. ಸರದಿಯಂತೆ ಚೀಟಿ ಎತ್ತಿ, ಬಂದ ತುಂಡನ್ನು "ಒಂದು" ಪಟ್ಟಿಯ ಮೇಲೆ ಇಡಬೇಕು. ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಬೇಕು. ತುಂಡು ಹೊರಚಾಚಿದರೆ ಸರದಿ ತಪ್ಪಿತು. ಪಟ್ಟಿಯನ್ನು ಮೊದಲು ಪೂರ್ತಿ ಮುಚ್ಚಿದವರು ಗೆದ್ದಂತೆ. "ನನಗೆ ಇನ್ನು 1/4 ಬಂದರೆ ಸಾಕು" ಎಂದು ಮಗು ಕೂಗಿದರೆ ಅದು ಕಳೆಯುವ ಲೆಕ್ಕವನ್ನು ಕಲಿಯಿತು ಎಂದೇ ತಿಳಿಯಿರಿ.

ಹೊಲಿಗೆ ಬಲ್ಲ ತಾಯಂದಿರು ಕೌದಿಯ ವಿಧಾನವನ್ನೂ ಪ್ರಯತ್ನಿಸಬಹುದು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಸುಂದರ ಕೌದಿಗಳನ್ನು ನೀವು ನೋಡಿರಬಹುದು. ಅದೇ ರೀತಿ ಒಂದು ಚೌಕ ಕಾಗದವನ್ನು ನಾಲ್ಕು ಬಾರಿ ಮಡಚಿ ಬಿಡಿಸಿದರೆ 16 ಮನೆಗಳಾಗುತ್ತವೆ. ಅರ್ಧಕ್ಕೆ ಕೆಂಪು, ಕಾಲು ಭಾಗಕ್ಕೆ ಹಸಿರು, 1/8ಕ್ಕೆ ಹಳದಿ ಬಟ್ಟೆಯ ಚೂರು ಅಂಟಿಸಲು ಹೇಳಿ. ಉಳಿದದ್ದು ಎಷ್ಟು? ಎರಡು ಮನೆ, ಅಂದರೆ ಇನ್ನೊಂದು 1/8. ಕಾಗದ ಮಡಚಿ ಗಣಿತ ಕಲಿಸುವುದು ನಮ್ಮ ನಾಡಿಗೆ ಹೊಸತಲ್ಲ. ಟಿ. ಸುಂದರರಾವ್ ಅವರು ಕಾಗದ ಮಡಿಕೆಯಿಂದ ರೇಖಾಗಣಿತ ಕಲಿಸುವ ಪುಸ್ತಕವನ್ನು 1893ರಷ್ಟು ಹಿಂದೆಯೇ ಮದ್ರಾಸಿನಲ್ಲಿ ಪ್ರಕಟಿಸಿದ್ದರು.

ಎರಡು ಎಚ್ಚರಿಕೆಗಳು ಮುಖ್ಯ. ಪಾಲುಗಳು ಸಮನಾಗಿರಬೇಕು. ರೊಟ್ಟಿಯನ್ನು ಹೇಗೋ ಎರಡು ತುಂಡು ಮಾಡಿದರೆ ಅದು ಅರ್ಧವಲ್ಲ. ಎರಡನೆಯದಾಗಿ, ಹೋಲಿಸುವಾಗ "ಒಂದು" ಎಂಬುದು ಒಂದೇ ಆಗಿರಬೇಕು. ದೊಡ್ಡ ಕಲ್ಲಂಗಡಿಯ ಕಾಲು ಭಾಗ ಸಣ್ಣ ಕಲ್ಲಂಗಡಿಯ ಅರ್ಧಕ್ಕಿಂತ ದೊಡ್ಡದಿರಬಹುದಲ್ಲವೇ?

ಹಕ್ಕಿನ ಲೆಕ್ಕ

ನಮ್ಮ ಮನೆಗಳಲ್ಲಿ ಭಿನ್ನರಾಶಿಗೆ ಇನ್ನೊಂದು ಮಹತ್ವವಿದೆ. ಝಕಾತ್‌ನ ಶೇಕಡಾ ಎರಡೂವರೆ ಎಂದರೆ 1/40. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳಲ್ಲಿ ವಾರಸು ಹಕ್ಕಿನ ಪಾಲುಗಳಾಗಿ 1/2, 1/4, 1/8, 2/3, 1/3, 1/6 ಎಂಬ ಆರು ಭಿನ್ನರಾಶಿಗಳು ಬಂದಿವೆ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನ ಅಲ್ ಖ್ವಾರಿಝ್ಮಿಯವರು ಬರೆದ ಅಲ್ ಜಬ್ರ್ ಗ್ರಂಥದ ದೊಡ್ಡ ಭಾಗ ಈ ವಾರಸು ಲೆಕ್ಕಗಳಿಗೇ ಮೀಸಲು. ಆಲ್ಜೀಬ್ರಾ ಎಂಬ ಹೆಸರು ಬಂದದ್ದೂ ಆ ಗ್ರಂಥದಿಂದಲೇ.

ಮಗು ಸ್ವಲ್ಪ ದೊಡ್ಡದಾದ ಮೇಲೆ ಅದೇ 24ರ ಪಟ್ಟಿಯನ್ನು ಮತ್ತೆ ಹೊರತೆಗೆಯಿರಿ. ಒಬ್ಬರು ನಿಧನರಾದರು. ಪತ್ನಿ, ಒಬ್ಬ ಮಗ, ಒಬ್ಬ ಮಗಳು ಮಾತ್ರ ವಾರಸುದಾರರು. ಸಾಲ ತೀರಿಸಿ, ವಸಿಯ್ಯತ್ ಪೂರೈಸಿದ ಬಳಿಕ 24 ಸೆಂಟ್ಸ್ ಜಾಗ ಉಳಿದಿದೆ ಎನ್ನೋಣ. ಮಕ್ಕಳಿರುವುದರಿಂದ ಪತ್ನಿಗೆ 1/8, ಅಂದರೆ 3 ಸೆಂಟ್ಸ್. ಉಳಿದ 21ರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು. ಮಗನಿಗೆ 14, ಮಗಳಿಗೆ 7. ಮೂರು, ಹದಿನಾಲ್ಕು, ಏಳು. ಕೂಡಿಸಿದರೆ 24.

ಈ ಲೆಕ್ಕವನ್ನು ಪಟ್ಟಿಯ ಮೇಲೆ ಇಟ್ಟು ನೋಡಿದ ಹೆಣ್ಣು ಮಗಳು ಮುಂದೊಂದು ದಿನ "ಇಲ್ಲಿ ಸಹಿ ಹಾಕು" ಎಂದು ಯಾರಾದರೂ ಕಾಗದ ಮುಂದೆ ಹಿಡಿದಾಗ, ಮೊದಲು ಅದರಲ್ಲಿರುವ ಅಂಕೆಗಳನ್ನು ಓದುತ್ತಾಳೆ. ತನಗೆ ಬರಬೇಕಾದ ಪಾಲು ಎಷ್ಟೆಂದು ತಿಳಿಯದವಳು ಅದನ್ನು ಕೇಳುವುದಾದರೂ ಹೇಗೆ? ವಾರಸಿನ ಸಂದರ್ಭಗಳು ಹಲವಾರಿವೆ, ಕಷ್ಟದವುಗಳನ್ನು ಬಲ್ಲ ವಿದ್ವಾಂಸರಲ್ಲಿ ಕೇಳಿಯೇ ತಿಳಿಯಬೇಕು. ಆದರೆ ಅವರು ಹೇಳಿದ್ದು ಅರ್ಥವಾಗಲಾದರೂ ಭಿನ್ನರಾಶಿ ಗೊತ್ತಿರಬೇಕು.

ಈ ವಾರದ ರಜಾದಿನ ಟಿವಿಯನ್ನು ಅರ್ಧ ಗಂಟೆ ಆರಿಸಿ, ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಳ್ಳಿ. ಕತ್ತರಿಯನ್ನು ಅವರ ಕೈಗೇ ಕೊಡಿ, ನೀವು ಪಕ್ಕದಲ್ಲಿದ್ದರೆ ಸಾಕು. ಮೊದಲ ಪಟ್ಟಿ ಸೊಟ್ಟಗಾದರೂ ಚಿಂತಿಸಬೇಡಿ. ಕೆಲಸ ಮುಗಿದ ಮೇಲೆ ತುಂಡುಗಳನ್ನು ಹಳೆಯ ಲಕೋಟೆಯಲ್ಲಿ ಹಾಕಿ ಮಗುವಿನ ಹೆಸರು ಬರೆದು ಜೋಪಾನವಾಗಿಡಿ. ಪರೀಕ್ಷೆಯ ಮುನ್ನಾದಿನ ಅದು ಉಪಯೋಗಕ್ಕೆ ಬಂದೇ ಬರುತ್ತದೆ.