ಆರೋಗ್ಯ ಮಾಹಿತಿ: ಭಂಗಿ ಉಂಡೆ, ಗಾಂಜಾ ಚಾಕೊಲೇಟ್ – ಚೆನ್ನೈನಲ್ಲಿ ಇಟ್ಟುಕೊಳ್ಳಬಹುದೇ?



"ಭಂಗಿಗೆ ಅಡ್ಡಿ ಇಲ್ಲ, ಹೈಕೋರ್ಟೇ ಹೇಳಿದೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ಇದನ್ನು ನಂಬಿ ಪೊಟ್ಟಣ ತಂದರೆ ಇಲ್ಲಿ ಕೇಸ್ ಬೀಳಬಹುದು. ಅದು ಮಗುವಿನ ಕೈಗೆ ಸಿಕ್ಕರೆ ಜೀವಕ್ಕೇ ಅಪಾಯ.

*ಕಾನೂನು ಏನು ಹೇಳುತ್ತದೆ?*

1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಿಡದ ಹೂ-ಕಾಯಿ ತುದಿ ಎಂದರೆ ಗಾಂಜಾ, ಅಂಟು ಎಂದರೆ ಚರಸ್. ಹೂವಿನ ತುದಿ ಸೇರದ ಬರೀ ಎಲೆ ಮತ್ತು ಬೀಜವನ್ನು ಗಾಂಜಾ ಎಂದು ಅದು ಕರೆಯುವುದಿಲ್ಲ. ಭಂಗಿ ಮಾಡುವುದು ಎಲೆಯಿಂದ. ಅದಕ್ಕೇ 2022ರಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಒಂದು ಭಂಗಿ ಪ್ರಕರಣದಲ್ಲಿ ಜಾಮೀನು ಕೊಟ್ಟಿತು. ಅದು ಜಾಮೀನು ಅಷ್ಟೇ, ಮಾರಲು ಕೊಟ್ಟ ಅನುಮತಿ ಅಲ್ಲ.

ಎಲೆಯ ವಿಷಯ ರಾಜ್ಯಗಳ ಕೈಯಲ್ಲಿದೆ. ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಪರವಾನಗಿ ಪಡೆದ ಭಾಂಗ್ ಅಂಗಡಿಗಳಿವೆ. ತಮಿಳುನಾಡಿನ 1937ರ ಮದ್ಯನಿಷೇಧ ಕಾಯ್ದೆ ಮಾತ್ರ ಎಲೆಯನ್ನೂ ಭಂಗಿಯನ್ನೂ ಮಾದಕವಸ್ತು ಪಟ್ಟಿಗೆ ಸೇರಿಸಿದೆ. ಅಲ್ಲಿ ಅಂಗಡಿಯಲ್ಲಿ ಕೊಂಡದ್ದು ಇಲ್ಲಿ ಅಪರಾಧ.

*ನೆನಪಿಡಿ:*

1. ಚಾಕೊಲೇಟಿನಲ್ಲಿ ಗಾಂಜಾ ಚೂರೇ ಇದ್ದರೂ ತಪ್ಪು ತಪ್ಪೇ. ಬೆರೆಸಿದ ಬೇರೆ ವಸ್ತುವಿನ ತೂಕವೂ ಲೆಕ್ಕಕ್ಕೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 1 ಕೆ.ಜಿ.ವರೆಗಿನ ಗಾಂಜಾಕ್ಕೂ 1 ವರ್ಷದವರೆಗೆ ಜೈಲು, 10,000 ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು.

2. ಕೆನಡಾದಲ್ಲಿ 2019ರಿಂದ ಗಾಂಜಾ ಗಮ್ಮಿ ಮಾರಬಹುದು. ಅಲ್ಲೂ ಒಂದು ಪ್ಯಾಕೆಟ್ಟಿನಲ್ಲಿ ನಶೆಯ ಅಂಶ 10 ಮಿಲಿಗ್ರಾಂ ಮೀರಬಾರದು. ಅಲ್ಲಿರುವ ಮಕ್ಕಳು, ನೆಂಟರು ಅದನ್ನು ಇಲ್ಲಿಗೆ ತರುವುದು ಎರಡೂ ದೇಶಗಳಲ್ಲಿ ಅಪರಾಧ.

3. ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವಾಗಿ ಮಾರಲು 2021ರಿಂದ ಎಫ್‌ಎಸ್‌ಎಸ್‌ಎಐ ಒಪ್ಪಿದೆ. ಇವು ನಶೆ ತರುವುದಿಲ್ಲ. ಪ್ಯಾಕೆಟ್ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ನೋಡಿ ಕೊಳ್ಳಿ.

4. ಭಂಗಿ ಸೇರಿದ ಆಯುರ್ವೇದ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು.

*ತಿಂದರೆ ಏನಾಗುತ್ತದೆ?*

ಸೇದಿದರೆ ನಿಮಿಷಗಳಲ್ಲಿ ಏರುವ ನಶೆ, ತಿಂದಾಗ ಅರ್ಧ ಗಂಟೆಯಿಂದ 2 ಗಂಟೆ ತಡವಾಗಿ ಏರುತ್ತದೆ. "ಏನೂ ಆಗಲಿಲ್ಲ" ಎಂದು ಇನ್ನೊಂದು ತಿನ್ನುವವರೇ ಹೆಚ್ಚಾಗಿ ತೊಂದರೆಗೆ ಸಿಲುಕುತ್ತಾರೆ. ಎದೆ ಬಡಿತ, ಗಾಬರಿ, ವಾಂತಿ, ಭ್ರಮೆ ಹಲವು ಗಂಟೆ ಕಾಡುತ್ತವೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಹೃದ್ರೋಗಿಗಳು ಮುಟ್ಟಲೇಬಾರದು. ತಿಂದವರು ಗಾಡಿ ಓಡಿಸಬಾರದು, ಯಂತ್ರದ ಕೆಲಸಕ್ಕೂ ಹೋಗಬಾರದು.

ಮಗುವಿಗೆ ಅದು ಬರೀ ಮಿಠಾಯಿ. ಎಬ್ಬಿಸಿದರೂ ಏಳದ ನಿದ್ದೆ, ತೂರಾಡುವಿಕೆ, ಫಿಟ್ಸ್, ಉಸಿರಾಟದ ತೊಂದರೆ ಕಂಡರೆ ತಡಮಾಡಬೇಡಿ:

- ವಾಂತಿ ಮಾಡಿಸಬೇಡಿ, ಮಜ್ಜಿಗೆ, ನಿಂಬೆರಸ ಕುಡಿಸಬೇಡಿ. ಮಗುವನ್ನು ಪಕ್ಕಕ್ಕೆ ಮಲಗಿಸಿ.
- 108ಕ್ಕೆ ಕರೆ ಮಾಡಿ. ತಮಿಳು ಬಾರದಿದ್ದರೂ "ಕಂಜಾ" ಎಂದರೆ ಅವರಿಗೆ ಅರ್ಥವಾಗುತ್ತದೆ. ಉತ್ತರ ಚೆನ್ನೈಯವರಿಗೆ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆ ಇದೆ.
- ಪೊಟ್ಟಣ ಜೊತೆಗೆ ಒಯ್ಯಿರಿ. ಕೇಸಿನ ಭಯಕ್ಕೆ ಡಾಕ್ಟರ್ ಬಳಿ ಏನನ್ನೂ ಮುಚ್ಚಿಡಬೇಡಿ.

ಮನೆಯಲ್ಲಿ ಯಾರಿಗಾದರೂ ಚಟ ಹತ್ತಿದ್ದರೆ 14446 ಸಹಾಯವಾಣಿಗೆ ಕರೆ ಮಾಡಿ. ತಾವಾಗಿಯೇ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ.

ಊರಿಗೆ ಹೋಗಿಬರುವ ನಿಮ್ಮವರಿಗೂ ಇದನ್ನು ತಪ್ಪದೆ ಕಳುಹಿಸಿ.