ಶಾಲೆಗಳನ್ನು ತೂಗುವ ತಕ್ಕಡಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬ ಚರ್ಚೆಯು ನಮ್ಮ ಪೇಟೆಗಳಲ್ಲಿ ಆಗಾಗ ಏಳುವುದುಂಟು. ಕಟ್ಟಡದ ಸೊಗಸನ್ನೂ ಮಕ್ಕಳ ಸಂಖ್ಯೆಯನ್ನೂ ಕಂಡು ತೀರ್ಪು ಕೊಡುವವರೇ ಬಹಳ. ಈ ತಕ್ಕಡಿಯು ನ್ಯಾಯವಾದುದಲ್ಲವೆಂದು ನಮ್ಮ ಅಭಿಪ್ರಾಯ.

ಸರಿಯಾದ ತೂಕವನ್ನು 2009ರ ಶಿಕ್ಷಣದ ಹಕ್ಕಿನ ಕಾಯಿದೆಯೇ ಗೊತ್ತುಪಡಿಸಿದೆ. ಆರರಿಂದ ಎಂಟನೆಯ ತರಗತಿಯವರೆಗೆ 35 ಮಕ್ಕಳಿಗೆ ಒಬ್ಬ ಉಪಾಧ್ಯಾಯರಾದರೂ ಇರತಕ್ಕದ್ದು. ವಿಜ್ಞಾನ ಮತ್ತು ಗಣಿತಕ್ಕೆ ಒಬ್ಬರು, ಸಮಾಜಪಾಠಕ್ಕೆ ಒಬ್ಬರು, ಭಾಷೆಗಳಿಗೆ ಒಬ್ಬರು ಬೇಕು. ಮಕ್ಕಳು 100ಕ್ಕೆ ಮೀರಿದಲ್ಲಿ ಪೂರ್ಣಕಾಲದ ಮುಖ್ಯೋಪಾಧ್ಯಾಯರೂ ಬೇಕು. ಇವರಲ್ಲಿ ಯಾರು ಎಲ್ಲಿ ಇದ್ದಾರೆ, ಎಲ್ಲಿ ಇಲ್ಲ ಎಂಬುದನ್ನು ಮೊದಲು ಎಣಿಸಬೇಕಲ್ಲವೆ?

ಉಪಾಧ್ಯಾಯರ ಎಣಿಕೆಯಷ್ಟೇ ಸಾಲದು; ಮಗುವು ನಡೆವ ದಾರಿಯನ್ನೂ ಎಣಿಕೆಗೆ ಹಿಡಿಯಬೇಕು. ಬ್ರಹ್ಮಾವರ, ಕೋಟದಂತಹ ಹೆದ್ದಾರಿಯ ಬದಿಯ ಊರುಗಳಿಗೆ ಮಳೆಗಾಲದಲ್ಲಿಯೂ ಬಸ್ಸುಂಟು. ಘಟ್ಟದ ತಪ್ಪಲಿನ ಅನೇಕ ಮಕ್ಕಳಿಗೆ ಹಳ್ಳ ದಾಟಲು ಕಾಲುಸಂಕವೇ ಗತಿ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಿಕೆಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಆಷಾಢದಲ್ಲಿ ಹಾಜರಿ ಕುಂದಿತೆಂದು ಅಂತಹ ಊರಿನ ಶಾಲೆಯನ್ನು ಹಿಂದುಳಿದುದೆಂದು ಬರೆಯುವುದು ಯಾವ ನ್ಯಾಯ?

ಆದುದರಿಂದ ವಿದ್ಯಾಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಪ್ರತಿಯೊಂದು ಶಾಲೆಯ ಹೆಸರಿನ ಮುಂದೆ ವಿಷಯವಾರು ಉಪಾಧ್ಯಾಯರ ಲೆಕ್ಕವನ್ನೂ, ಮಕ್ಕಳು ದಾಟಬೇಕಾದ ಕಾಲುಸಂಕಗಳ ಲೆಕ್ಕವನ್ನೂ ಬರೆದು ಊರವರ ಮುಂದಿಡಲಿ. ಶಾಲೆಗಳ ತುಲನೆಯು ಆ ಬಳಿಕ ನಡೆಯಲಿ. ಸರಕಾರವು ಕೊಡಬೇಕಾದುದನ್ನು ಕೊಡದೆ, ಕೊರತೆಯ ಕಳಂಕವನ್ನು ಮಕ್ಕಳ ತಲೆಗೆ ಕಟ್ಟಬಾರದು.