ಕಾರು ಬ್ರ್ಯಾಂಡಿನ ರಾಷ್ಟ್ರೀಯತೆ

ಕಾರು ಬ್ರ್ಯಾಂಡಿನ ರಾಷ್ಟ್ರೀಯತೆ ಎಂದರೆ ಒಂದು ಕಾರಿನ ಹೆಸರನ್ನು ಗ್ರಾಹಕರು, ಸರ್ಕಾರಗಳು ಮತ್ತು ಉದ್ಯಮದವರು ಯಾವ ದೇಶಕ್ಕೆ ಸೇರಿದುದೆಂದು ಪರಿಗಣಿಸುತ್ತಾರೆ ಎಂಬ ವಿಚಾರ. ಹೆಸರು, ಒಡೆತನ, ವಿನ್ಯಾಸ, ಕಾರ್ಖಾನೆ ಈ ನಾಲ್ಕೂ ಒಂದೇ ದೇಶದಲ್ಲಿದ್ದಾಗ ಈ ಪ್ರಶ್ನೆ ಏಳುವುದಿಲ್ಲ. ಅವು ಬೇರೆ ಬೇರೆ ದೇಶಗಳಿಗೆ ಹಂಚಿಹೋದಾಗ ಉತ್ತರವು ಪ್ರಶ್ನೆ ಕೇಳುವವರನ್ನು ಅವಲಂಬಿಸುತ್ತದೆ. ಕೊಳ್ಳುವವರಿಗೆ ಹೆಸರು ಮುಖ್ಯ, ಹೂಡಿಕೆದಾರರಿಗೆ ಬಂಡವಾಳ ಮುಖ್ಯ, ಸುಂಕದ ಅಧಿಕಾರಿಗಳಿಗೆ ತಯಾರಾದ ಸ್ಥಳ ಮುಖ್ಯ. ಕಾರ್ಖಾನೆಯನ್ನೇ ನಂಬಿ ಬೆಳೆದ ಊರಿನ ಜನರಿಗೆ ಇದು ಜೀವನೋಪಾಯದ ಪ್ರಶ್ನೆಯಾಗಿದೆ.

ಹೆಸರು ಮತ್ತು ಒಡೆತನ

ಹೆಸರು ಕಾರ್ಖಾನೆಯಿಂದ ಬೇರ್ಪಟ್ಟು ಮಾರಾಟವಾಗಬಲ್ಲ ಆಸ್ತಿ ಎಂಬುದಕ್ಕೆ ರೋಲ್ಸ್-ರಾಯ್ಸ್ ಪ್ರಸಿದ್ಧ ಉದಾಹರಣೆ. 1998ರಲ್ಲಿ ಬ್ರಿಟನ್ನಿನ ವಿಕರ್ಸ್ ಸಂಸ್ಥೆಯು ತನ್ನ ರೋಲ್ಸ್-ರಾಯ್ಸ್ ಹಾಗೂ ಬೆಂಟ್ಲಿ ಕಾರುಗಳ ಉದ್ದಿಮೆಯನ್ನು ಜರ್ಮನಿಯ ಫೋಕ್ಸ್‌ವ್ಯಾಗನ್‌ಗೆ 43 ಕೋಟಿ ಪೌಂಡುಗಳಿಗೆ ಮಾರಿತು. ಕ್ರೂ ಪಟ್ಟಣದ ಕಾರ್ಖಾನೆ, ಅಲ್ಲಿನ ಕೆಲಸಗಾರರು, ಕಾರಿನ ಮುಂಭಾಗದ ಪುತ್ಥಳಿಯ ಹಕ್ಕು ಎಲ್ಲವೂ ಫೋಕ್ಸ್‌ವ್ಯಾಗನ್ ಪಾಲಾದವು. ಆದರೆ ‘ರೋಲ್ಸ್-ರಾಯ್ಸ್’ ಎಂಬ ಹೆಸರು ವಿಮಾನದ ಎಂಜಿನ್ ತಯಾರಿಸುವ ಪ್ರತ್ಯೇಕ ಕಂಪನಿಯ ವಶದಲ್ಲಿತ್ತು. ಆ ಕಂಪನಿಯು ಹೆಸರಿನ ಬಳಕೆಯ ಹಕ್ಕನ್ನು ಇನ್ನೊಂದು ಜರ್ಮನ್ ಸಂಸ್ಥೆಯಾದ ಬಿಎಂಡಬ್ಲ್ಯುಗೆ 4 ಕೋಟಿ ಪೌಂಡುಗಳಿಗೆ ನೀಡಿತು. ಬಿಎಂಡಬ್ಲ್ಯು ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಹೊಸ ಕಾರ್ಖಾನೆಯನ್ನೇ ಕಟ್ಟಿಸಿ, 2003ರಿಂದ ಅಲ್ಲಿ ರೋಲ್ಸ್-ರಾಯ್ಸ್ ತಯಾರಿಸುತ್ತಿದೆ. ಕಾರನ್ನು ಜರ್ಮನಿಯಲ್ಲಿ ತಯಾರಿಸದೆ ಇಂಗ್ಲೆಂಡಿನ ನೆಲವನ್ನೇ ಆರಿಸಿಕೊಂಡದ್ದು ಗಮನಾರ್ಹ. ಕೊಂಡ ಹೆಸರಿನ ಬೆಲೆ ಇದ್ದದ್ದೇ ಅದರ ಇಂಗ್ಲಿಷ್‌ತನದಲ್ಲಿ.

ವೋಲ್ವೋ ಹೆಸರು ಇನ್ನೊಂದು ಬಗೆಯಲ್ಲಿ ಕವಲೊಡೆದಿದೆ. ಸ್ವೀಡನ್ನಿನ ವೋಲ್ವೋ ಸಮೂಹವು 1999ರಲ್ಲಿ ಕಾರು ವಿಭಾಗವನ್ನು ಅಮೆರಿಕದ ಫೋರ್ಡ್‌ಗೆ ಮಾರಿತು. ಅದು 2010ರಲ್ಲಿ ಚೀನಾದ ಜೀಲಿ ಸಂಸ್ಥೆಯ ಕೈಸೇರಿತು. ಲಾರಿ ಮತ್ತು ಬಸ್ಸುಗಳ ವಿಭಾಗ ಮಾತ್ರ ಹಳೆಯ ಸಮೂಹದಲ್ಲೇ ಉಳಿಯಿತು. ಹೆಸರಿನ ಒಡೆತನ ಎರಡೂ ಪಂಗಡಗಳಿಗೆ ಜಂಟಿಯಾಗಿ ಸೇರಿದೆ. ಬೆಂಗಳೂರಿನ ಸಮೀಪದ ಹೊಸಕೋಟೆಯ ವೋಲ್ವೋ ಸಮೂಹದ ಆವರಣದಲ್ಲಿ ಚೀನೀ ಒಡೆತನದ ವೋಲ್ವೋ ಕಾರುಗಳ ಜೋಡಣೆಯೂ 2017ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ‘ವೋಲ್ವೋ’ ಎಂದರೆ ಬಹುಪಾಲು ಜನರಿಗೆ ಹವಾನಿಯಂತ್ರಿತ ಬಸ್ಸು ಎಂದೇ ಅರ್ಥ. ಬೇರೆ ಕಂಪನಿಯ ಬಸ್ಸನ್ನೂ ಹಾಗೆಯೇ ಕರೆಯುವುದುಂಟು.

ತಯಾರಿಕೆಯ ಸ್ಥಳ ಮತ್ತು ಕಾನೂನು

ಸುಂಕದ ಲೆಕ್ಕದಲ್ಲಿ ಹೆಸರಿಗೂ ಒಡೆತನಕ್ಕೂ ಸಾಮಾನ್ಯವಾಗಿ ಬೆಲೆಯಿಲ್ಲ. ಟಾಟಾ ಮೋಟಾರ್ಸ್ 2008ರಲ್ಲಿ ಫೋರ್ಡ್‌ನಿಂದ 230 ಕೋಟಿ ಡಾಲರುಗಳಿಗೆ ಕೊಂಡ ಜಾಗ್ವಾರ್ ಲ್ಯಾಂಡ್ ರೋವರ್ ಸಂಸ್ಥೆಯು ರೇಂಜ್ ರೋವರ್ ಕಾರನ್ನು ಇಂಗ್ಲೆಂಡಿನ ಸೋಲಿಹಲ್‌ನಲ್ಲಿಯೂ ಡಿಫೆಂಡರ್ ಕಾರನ್ನು ಸ್ಲೊವಾಕಿಯಾದ ನಿತ್ರಾದಲ್ಲಿಯೂ ತಯಾರಿಸುತ್ತದೆ. 2025ರ ಒಪ್ಪಂದಗಳಂತೆ ಅಮೆರಿಕ ಸಂಯುಕ್ತ ಸಂಸ್ಥಾನವು ಬ್ರಿಟನ್ನಿನಲ್ಲಿ ತಯಾರಾದ ಕಾರುಗಳಿಗೆ ವರ್ಷಕ್ಕೆ 1,00,000ದ ಮಿತಿಯೊಳಗೆ ಶೇ. 10, ಐರೋಪ್ಯ ಒಕ್ಕೂಟದ ಕಾರುಗಳಿಗೆ ಶೇ. 15 ಸುಂಕವನ್ನು ಗೊತ್ತುಪಡಿಸಿತು. ಹೀಗೆ ಒಂದೇ ಮಳಿಗೆಯಲ್ಲಿ ಅಕ್ಕಪಕ್ಕ ನಿಂತ, ಭಾರತೀಯ ಒಡೆತನದ ಎರಡು ‘ಬ್ರಿಟಿಷ್’ ಕಾರುಗಳು ಸುಂಕದ ಕಣ್ಣಿಗೆ ಎರಡು ಬೇರೆ ದೇಶಗಳ ಸರಕುಗಳಾಗಿವೆ. ಐರೋಪ್ಯ ಒಕ್ಕೂಟವು 2024ರ ಅಕ್ಟೋಬರ್‌ನಲ್ಲಿ ಚೀನಾದಲ್ಲಿ ತಯಾರಾದ ವಿದ್ಯುತ್ ಕಾರುಗಳ ಮೇಲೆ ಹೆಚ್ಚುವರಿ ಸುಂಕ ಹೇರಿದಾಗಲೂ ಹೀಗೆಯೇ ಆಯಿತು. ಶಾಂಘೈನಲ್ಲಿ ತಯಾರಾದ ಅಮೆರಿಕದ ಟೆಸ್ಲಾ ಮತ್ತು ಚೀನಾದಲ್ಲಿ ತಯಾರಾದ, ಜರ್ಮನ್ ಒಡೆತನದ ಮಿನಿ ಕೂಡ ಅದರಿಂದ ಪಾರಾಗಲಿಲ್ಲ.

ಅಮೆರಿಕದಲ್ಲಿ 1992ರ ಕಾಯಿದೆಯೊಂದರ ಪ್ರಕಾರ ಹೊಸ ಕಾರಿನ ಗಾಜಿನ ಮೇಲೆ ಬಿಡಿಭಾಗಗಳ ಮೂಲವನ್ನು ನಮೂದಿಸಬೇಕು. ಆದರೆ ಅದರಲ್ಲಿ ಕೆನಡಾದ ಬಿಡಿಭಾಗಗಳನ್ನೂ ‘ಸ್ವದೇಶಿ’ ಲೆಕ್ಕಕ್ಕೇ ಸೇರಿಸಲಾಗುತ್ತದೆ.

ಇಟಲಿಯ ಕಾನೂನು ಹೆಸರನ್ನೂ ಪ್ರಶ್ನಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಆಲ್ಫಾ ರೋಮಿಯೋ ಸಂಸ್ಥೆಯು ಪೋಲೆಂಡಿನಲ್ಲಿ ತಯಾರಾಗುವ ಹೊಸ ಕಾರಿಗೆ ‘ಮಿಲಾನೊ’ ಎಂದು ಹೆಸರಿಟ್ಟಿತು. ಮಿಲಾನ್ ನಗರದ ಹೆಸರು ಹೊತ್ತ ಕಾರು ಇಟಲಿಯಲ್ಲೇ ತಯಾರಾಗಬೇಕೆಂದು ಅಲ್ಲಿನ ಕೈಗಾರಿಕಾ ಸಚಿವರು ಆಕ್ಷೇಪಿಸಿದರು. ಕೆಲವೇ ದಿನಗಳಲ್ಲಿ ಕಾರಿನ ಹೆಸರು ‘ಜೂನಿಯರ್’ ಎಂದಾಯಿತು. ಮುಂದಿನ ತಿಂಗಳು ಮೊರಾಕೊದಿಂದ ಬಂದಿಳಿದ 134 ಫಿಯೆಟ್ ಟೊಪೊಲಿನೊ ವಾಹನಗಳನ್ನು ಲಿವೋರ್ನೋ ಬಂದರಿನಲ್ಲಿ ತಡೆಹಿಡಿಯಲಾಯಿತು. ಅವುಗಳ ಬಾಗಿಲಿಗೆ ಇಟಲಿಯ ಧ್ವಜದ ಪುಟ್ಟ ಚೀಟಿ ಅಂಟಿಸಿದ್ದೇ ಅದಕ್ಕೆ ಕಾರಣ.

ಹೋಲ್ಡನ್

ಆಸ್ಟ್ರೇಲಿಯಾದ ಹೋಲ್ಡನ್ ಕಥೆ ಇವೆಲ್ಲಕ್ಕಿಂತ ಹೆಚ್ಚು ವಿಷಾದಕರ. 1856ರಲ್ಲಿ ಅಡಿಲೇಡ್ ನಗರದಲ್ಲಿ ಕುದುರೆಯ ಜೀನು ತಯಾರಿಸುವ ಅಂಗಡಿಯಾಗಿ ಹುಟ್ಟಿದ ಈ ಸಂಸ್ಥೆ ಕ್ರಮೇಣ ಕಾರಿನ ಒಡಲುಗಳ ತಯಾರಿಕೆಗೆ ತೊಡಗಿ, 1931ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ವಿಲೀನವಾಯಿತು. 1948ರ ನವೆಂಬರ್‌ನಲ್ಲಿ ಪ್ರಧಾನಿ ಬೆನ್ ಚಿಫ್ಲಿ ಇದರ ಮೊದಲ ಕಾರನ್ನು ಆಸ್ಟ್ರೇಲಿಯಾದ ಸ್ವಂತ ಕಾರೆಂದು ಅನಾವರಣಗೊಳಿಸಿದರು. ಅದರ ವಿನ್ಯಾಸದ ಮೂಲ ಡೆಟ್ರಾಯಿಟ್‌ನದು, ಬಂಡವಾಳವೂ ಅಮೆರಿಕದ್ದು. ಆದರೂ ಜನರು ಅದನ್ನು ತಮ್ಮದೆಂದೇ ಸ್ವೀಕರಿಸಿದರು. ಏಕೆಂದರೆ ಅದನ್ನು ತಯಾರಿಸುತ್ತಿದ್ದವರು ತಮ್ಮವರಾಗಿದ್ದರು. ಬಾಥರ್ಸ್ಟ್ ರೇಸಿನಲ್ಲಿ ಹೋಲ್ಡನ್ ಮತ್ತು ಫೋರ್ಡ್ ಅಭಿಮಾನಿಗಳು ದಶಕಗಳ ಕಾಲ ಪರಸ್ಪರ ಸೆಣಸಿದರು. ಎರಡರ ಒಡೆಯರೂ ಅಮೆರಿಕದವರೆಂಬುದು ಯಾರಿಗೂ ಅಡ್ಡಿಯಾಗಲಿಲ್ಲ.

2017ರ ಅಕ್ಟೋಬರ್ 20ರಂದು ಅಡಿಲೇಡ್ ಬಳಿಯ ಎಲಿಜಬೆತ್ ಕಾರ್ಖಾನೆ ಮುಚ್ಚಿತು. ಅನಂತರ ಜರ್ಮನಿಯಿಂದ ತರಿಸಿದ ಓಪೆಲ್ ಕಾರಿಗೆ ಹಳೆಯ ಜನಪ್ರಿಯ ಹೆಸರಾದ ‘ಕಮೊಡೋರ್’ ಅನ್ನೇ ಇಟ್ಟು ಮಾರಲಾಯಿತು. ಜನರು ಅದರತ್ತ ಒಲಿಯಲಿಲ್ಲ. 2020ರಲ್ಲಿ ಬ್ರ್ಯಾಂಡನ್ನೇ ಕೈಬಿಡುವುದಾಗಿ ಜನರಲ್ ಮೋಟಾರ್ಸ್ ಪ್ರಕಟಿಸಿತು. ಒಡೆತನ ವಿದೇಶಕ್ಕೆ ಹೋದ ಮೇಲೂ ಎಂಟು ದಶಕಗಳಿಗೂ ಹೆಚ್ಚು ಕಾಲ ಬಾಳಿದ ರಾಷ್ಟ್ರೀಯತೆ, ಕಾರ್ಖಾನೆ ಮುಚ್ಚಿದ ಮೇಲೆ ಮೂರು ವರ್ಷವೂ ಉಳಿಯಲಿಲ್ಲ.

ಇದನ್ನೇ ನಿಯಮವೆಂದು ಹೇಳಲಾಗದು. ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ಎಂಜಿ ಈಗ ಚೀನಾದ ಎಸ್‌ಎಐಸಿ ಸಂಸ್ಥೆಗೆ ಸೇರಿದೆ. ಬ್ರಿಟನ್ನಿನ ಲಾಂಗ್‌ಬ್ರಿಜ್‌ನಲ್ಲಿ ಅದರ ಜೋಡಣೆ 2016ರಲ್ಲೇ ನಿಂತಿದ್ದರೂ ಆ ಹೆಸರಿನ ಕಾರುಗಳು ಬ್ರಿಟನ್ನಿನಲ್ಲಿಯೇ ಚೆನ್ನಾಗಿ ಮಾರಾಟವಾಗುತ್ತಿವೆ.

ಭಾರತದಲ್ಲಿ

ಎಂಜಿ ಕಾರುಗಳು 2019ರಿಂದ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತಿವೆ. 2020ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರವು ತನ್ನೊಡನೆ ಭೂಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. ಇಲ್ಲಿ ಬ್ರಿಟಿಷ್ ಹೆಸರಾಗಲಿ ಗುಜರಾತಿನ ಕಾರ್ಖಾನೆಯಾಗಲಿ ಲೆಕ್ಕಕ್ಕೆ ಬರಲಿಲ್ಲ. ಸರ್ಕಾರ ನೋಡಿದ್ದು ಬಂಡವಾಳದ ಮೂಲವನ್ನು. ಮುಂದೆ ಜೆಎಸ್‌ಡಬ್ಲ್ಯು ಸಮೂಹವು ಇದರಲ್ಲಿ ಪಾಲುದಾರನಾಯಿತು.

ಮಾರುತಿಯ ದಾರಿ ಇದಕ್ಕೆ ಹಿಮ್ಮುಖವಾದುದು. 1981ರಲ್ಲಿ ಸರ್ಕಾರಿ ಕಂಪನಿಯಾಗಿ ಸ್ಥಾಪನೆಗೊಂಡ ಅದರಲ್ಲಿ ಜಪಾನಿನ ಸುಝುಕಿ ಮೊದಲು ಶೇ. 26ರ ಪಾಲು ಹೊಂದಿತ್ತು; 2002ರಲ್ಲಿ ಆಡಳಿತದ ಹಿಡಿತ ಪಡೆಯಿತು. ಒಡೆತನದಲ್ಲಿ ಜಪಾನಿನದಾದರೂ ಮಾರುತಿಯನ್ನು ವಿದೇಶಿ ಕಾರೆಂದು ಹೇಳುವವರು ಭಾರತದಲ್ಲಿ ವಿರಳ. 2016ರಲ್ಲಿ ಇದರ ಬಲೆನೊ ಕಾರು ಭಾರತದಿಂದ ಜಪಾನಿಗೇ ರಫ್ತಾಯಿತು. ಅದೇ ಬಲೆನೊ ಟೊಯೊಟಾ ಲಾಂಛನ ಧರಿಸಿ ‘ಗ್ಲಾಂಜಾ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಇದಕ್ಕೆ ಪ್ರತಿಯಾಗಿ, 2022ರಲ್ಲಿ ಬಿಡುಗಡೆಯಾದ ಮಾರುತಿಯ ಗ್ರ್ಯಾಂಡ್ ವಿಟಾರಾ ತಯಾರಾದದ್ದು ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ.